ಪಡುಗೋಡೆಯ ಕಪಾಟು

ಅಳತೆ ಟೇಪಿನ ಇನ್ನೊಂದು ತುದಿಯನ್ನು ಹಿಡಿದುಕೊಂಡವರು ಅಮ್ಮನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಹೇಳಲಿರುವುದರಲ್ಲಿ ನನಗೆ ನಾಚಿಕೆ ತರದ ಸಂಗತಿ ಕಡಿಮೆ. ಆದರೆ ನಾನು ಮುಚ್ಚಲಿದ್ದ ಕಿಟಕಿಯ ಅಳತೆಯನ್ನು ಅವರೇ ಬಗ್ಗಿ ನಿಂತು ನನಗೆ ತೆಗೆದುಕೊಟ್ಟರಲ್ಲ, ಅದು ನೆನಪಾದರೆ ಈಗಲೂ ಕೂತಲ್ಲಿಂದ ಎದ್ದು ಹೋಗಬೇಕು ಅನ್ನಿಸುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಮೂಡುಬಿದಿರೆ ಪೇಟೆಯಿಂದ ಸ್ವಲ್ಪ ಒಳಗೆ, ಒಂದು ಬಸದಿಯ ಹಿಂದಿನ ಓಣಿಯಲ್ಲಿ ಹಳೆಯ ಜೈನ ಮನೆ. ಮನೆ ಅಮ್ಮನದು; ನನ್ನ ತಾಯಿಯಲ್ಲ, ಆ ಮನೆಯ ಹಿರಿಯರನ್ನು ನಾನು ಹಾಗೆ ಕರೆಯುತ್ತಿದ್ದೆ. ನಮ್ಮ ಕಡೆಯ ಅಳಿಯಕಟ್ಟಿನಂತೆ ತಾಯಿಯಿಂದ ಮಗಳಿಗೆ ಇಳಿದು ಬಂದ ಮನೆ. ಅವರಿಗೆ ಆಗ ಎಪ್ಪತ್ತರ ಆಸುಪಾಸು, ಕುಳ್ಳಗಿನ ಮೈ, ಮೆಲುದನಿ. ಅವರ ಮಗಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕನ ಯಜಮಾನರಿಗೆ ಬ್ಯಾಂಕಿನಲ್ಲಿ ಕೆಲಸ. ಹತ್ತು ವರ್ಷ ಬೊಂಬಾಯಿಯಲ್ಲಿದ್ದು ಊರಿಗೆ ವರ್ಗವಾಗಿ ಬಂದಿದ್ದರು. ನಾನು ಬಂಟ್ವಾಳದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಡ್ರಾಯಿಂಗ್ ಬೋರ್ಡು ಇಟ್ಟುಕೊಂಡು ಮನೆಗಳ ನಕ್ಷೆ ಬರೆಯುತ್ತಿದ್ದ ಡಿಪ್ಲೊಮಾದವನು. ಯಾರಾದರೂ ಇಂಜಿನಿಯರ್ ಎಂದು ಕರೆದರೆ ತಿದ್ದುತ್ತಿರಲಿಲ್ಲ.

ಅಕ್ಕನಿಗೆ ಬೇಕಾದದ್ದು ಹೊಸ ಅಡುಗೆಮನೆ. ಬೇಕಾದದ್ದು ಏನೆಂದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು.

"ನೋಡಿ, ನನ್ನ ಸಂಕಟ ಇಷ್ಟೇ. ಮನೆಗೆ ಜನ ಬರ್ತಾರೆ, ಚಾವಡಿಯಲ್ಲಿ ಕೂತು ನಗಾಡ್ತಾರೆ. ನಾನು ಒಳಗೆ ಹೊಗೆಯಲ್ಲಿ ಕಣ್ಣು ಒರೆಸ್ತಾ ಇರ್ತೇನೆ. ಅವರು ಹೊರಟು ನಿಂತಾಗ 'ಬರ್ತೇವೆ' ಅಂತ ಹೇಳ್ಲಿಕ್ಕೆ ಮಾತ್ರ ನನ್ನ ಮುಖ ನೋಡುವುದು. ಅಡುಗೆ ಮಾಡ್ತಾ ಮಾಡ್ತಾ ಅವರ ಹತ್ತಿರ ಮಾತಾಡುವ ಹಾಗೆ ಮಾಡಿಕೊಡಿ, ಸಾಕು."

ಹಾಗೆಂದು ಬೊಂಬಾಯಿಯಿಂದ ತಂದ ಒಂದು ಇಂಗ್ಲಿಷ್ ಪತ್ರಿಕೆಯ ಹಾಳೆಯನ್ನು ಬಿಡಿಸಿ ತೋರಿಸಿದರು. ಎದೆಮಟ್ಟದ ಕಟ್ಟೆ, ಅದರ ಆಚೆ ಎತ್ತರದ ಸ್ಟೂಲುಗಳ ಮೇಲೆ ನಗುತ್ತ ಕುಳಿತ ನೆಂಟರು, ಈಚೆ ನಗುತ್ತ ಹುರಿಯುತ್ತಿರುವ ಹೆಂಗಸು. ಅಂಥ ಅಡುಗೆಮನೆ ಆಗ ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ ನಾನು ಎಲ್ಲೂ ನೋಡಿರಲಿಲ್ಲ. ಇದೊಂದು ಸರಿಯಾಗಿ ಆಯಿತೆಂದರೆ ನನ್ನ ಹೆಸರು ಸುತ್ತಲಿನ ಊರಿಗೆಲ್ಲ ಹರಡುತ್ತದೆ ಎಂದು ನನ್ನ ತಲೆಯೊಳಗೆ ಆಗಲೇ ಲೆಕ್ಕ ನಡೆದಿತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೆ ಐಶ್ವರ್ಯ ಬರುವ ಮೊದಲೇ ಕೊಡೆ ಬಿಚ್ಚಿ ಆಗಿತ್ತು.

ಅಳತೆಗೆ ಹೋದದ್ದು ಶಿವರಾತ್ರಿ ಕಳೆದ ಮೇಲೆ ಒಂದು ದಿನ, ಸಂಜೆ ನಾಲ್ಕೂವರೆಗೆ. ಹಳೆಯ ಅಡುಗೆಮನೆ ಹದಿನೆಂಟು ಅಡಿ ಉದ್ದ, ಹನ್ನೊಂದು ಅಡಿ ಅಗಲ. ತೆಂಕು ಬದಿಗೆ ಒಲೆ. ಮೂಡು ಬದಿಯ ಬಾಗಿಲು ಮನೆಯೊಳಗಿನ ಓಣಿಗೆ ತೆರೆಯುತ್ತದೆ; ಮಧ್ಯಾಹ್ನ ಕಳೆದರೆ ಅಲ್ಲಿ ಕತ್ತಲೆ. ಬಡಗು ಬದಿಗೆ ಗೋಡೆ, ಅದರಾಚೆ ಉಗ್ರಾಣ. ಪಡು ಬದಿಗೆ ಒಂದೂವರೆ ಅಡಿ ದಪ್ಪದ ಮುರಕಲ್ಲಿನ ಗೋಡೆ, ಅದರಲ್ಲಿ ಆರಡಿ ಅಗಲದ, ಮರದ ಸರಳುಗಳ ಕಿಟಕಿ. ಕಿಟಕಿ ಮೊಣಕಾಲಿನ ಎತ್ತರದಿಂದಲೇ ಶುರುವಾಗುತ್ತಿತ್ತು, ಕೆಳಗೆ ಕುಳಿತವರ ಮಡಿಲಿಗೆ ಬೆಳಕು ಬೀಳುವ ಹಾಗೆ. ಮೇಲೆ ಹಂಚಿನ ಮಾಡು, ಹಂಚಿನ ನಡುವೆ ಎರಡು ಗಾಜಿನ ಹಂಚು.

ಕಿಟಕಿಯ ಬುಡದಲ್ಲಿ ಅಮ್ಮ ಮತ್ತು ಓಣಿಯ ನಾಲ್ಕೈದು ಹೆಂಗಸರು ಕುಳಿತಿದ್ದರು. ಇಬ್ಬರ ಮುಂದೆ ಮೊರದಂಥ ಬಿದಿರಿನ ಗೆರಸೆ, ಗೆರಸೆಯಲ್ಲಿ ಅಕ್ಕಿ, ಹುಳ ಆರಿಸುತ್ತಿದ್ದರು. ಒಬ್ಬಳು ಶ್ಯಾವಿಗೆ ಮಣೆಯ ಮೇಲೆ ಮೈಭಾರ ಹಾಕಿ ಒತ್ತುತ್ತಿದ್ದಳು, ಇನ್ನೊಬ್ಬಳು ಕೆಳಗೆ ಬಾಳೆಲೆ ಹಿಡಿದಿದ್ದಳು. ಯಾರದೋ ಮದುವೆಯ ಸುದ್ದಿ, ಜೋರು ನಗು. ಅಮ್ಮ ನನ್ನನ್ನು ಕಂಡವರೇ ಏನು, ಯಾರು ಎಂದು ಕೇಳದೆ ಒಂದು ತಟ್ಟೆಗೆ ಶ್ಯಾವಿಗೆ ಹಾಕಿ, ಮೇಲೆ ಕಾಯಿಹಾಲು ಹೊಯ್ದು ಕೊಟ್ಟರು. ನಾನು ನಿಂತುಕೊಂಡೇ ತಿಂದೆ. ತಿಂದು ಕೈ ತೊಳೆದು, ಎಲ್ಲರನ್ನೂ ಅಲ್ಲಿಂದ ಎಬ್ಬಿಸಿದೆ. ನನಗೆ ಗೋಡೆ ಅಳೆಯಬೇಕಿತ್ತು.

ಆ ಹೊತ್ತಿಗೆ ಕಿಟಕಿಯಿಂದ ಬಿಸಿಲು ನೇರ ನನ್ನ ಕಣ್ಣಿಗೆ ಹೊಡೆಯಿತು. ನೋಟುಪುಸ್ತಕದಲ್ಲಿ ಬರೆದುಕೊಂಡೆ: 'ಪಶ್ಚಿಮದ ಬಿಸಿಲು. ತೊಂದರೆ. ಮುಚ್ಚುವುದು.' ಆ ಪುಸ್ತಕ ಇನ್ನೂ ನನ್ನ ಹತ್ತಿರ ಉಂಟು.

ಹೆಂಗಸರು ಗೆರಸೆ ಎತ್ತಿಕೊಂಡು ಹೋದರು. ಉಳಿದವರು ಅಮ್ಮ ಒಬ್ಬರೇ. ನನ್ನೊಟ್ಟಿಗೆ ಆಳು ಇರಲಿಲ್ಲ. ನಾನು ಪರದಾಡುವುದನ್ನು ನೋಡಿ ಅವರೇ ಬಂದು ಟೇಪಿನ ತುದಿ ಹಿಡಿದರು. ಹಿಡಿದುಕೊಂಡೇ ಕೇಳಿದರು:

"ಇಲ್ಲಿ ಎಂತ ಬರ್ತದೆ ಮಗಾ?"

"ಕಪಾಟು ಅಮ್ಮ. ನೆಲದಿಂದ ಮಾಡಿನವರೆಗೆ, ಇಡೀ ಗೋಡೆಗೆ."

"ಬೆಳಕು?"

"ಟ್ಯೂಬ್ ಲೈಟ್ ಹಾಕ್ತೇವೆ, ಎರಡು. ಹಗಲಿಗಿಂತ ಜಾಸ್ತಿ ಬೆಳಕು ಬರ್ತದೆ."

"ಹಾಗೋ" ಎಂದರು. ಅಷ್ಟೇ. ನಾನು ಟೇಪು ಸುತ್ತಿಕೊಂಡೆ.

ಜೈನರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ ಎನ್ನುವುದು ನನಗೆ ಗೊತ್ತಿರಲಿಲ್ಲವೇ? ನಮ್ಮ ಕಡೆ ಹುಟ್ಟಿದ ಮಕ್ಕಳಿಗೂ ಗೊತ್ತು. ನನಗೆ ಅದು ಕಾರ್ಕಳ ಬಸ್ಸಿನ ಸಮಯ ಗೊತ್ತಿದ್ದ ಹಾಗೆ ಗೊತ್ತಿತ್ತು. ಆರು, ಆರೂಕಾಲರೊಳಗೆ ಮುಗಿಸಬೇಕು, ಅಷ್ಟೇ ತಾನೇ? ಅದಕ್ಕೇ ನಕ್ಷೆಯಲ್ಲಿ ಒಲೆಯ ಎದುರು ಗೋಡೆಗಡಿಯಾರಕ್ಕೆ ಒಂದು ಜಾಗ ಗುರುತು ಮಾಡಿದ್ದೆ. ಅದನ್ನು ಅಕ್ಕನಿಗೆ ತೋರಿಸಿ, "ಅಮ್ಮನ ಊಟಕ್ಕೆ ತಡವಾಗಬಾರದಲ್ಲ" ಎಂದು ದೊಡ್ಡಸ್ತಿಕೆಯಿಂದ ಹೇಳಿಯೂ ಇದ್ದೆ.

ನನ್ನ ನಕ್ಷೆ ಹೀಗಿತ್ತು. ಅಡುಗೆಮನೆಗೂ ಉಗ್ರಾಣಕ್ಕೂ ನಡುವಿನ ಗೋಡೆ ಒಡೆಯುವುದು. ಅಲ್ಲಿ ಕಡಪ ಕಲ್ಲಿನ ಕಟ್ಟೆ ಕಟ್ಟುವುದು. ಆಚೆ ನೆಂಟರು, ಈಚೆ ಗ್ಯಾಸ್ ಒಲೆ. ಮಸಿ ಹಿಡಿದ ಮಾಡು ನೆಂಟರ ಕಣ್ಣಿಗೆ ಬೀಳದಂತೆ ಹಂಚಿನ ಕೆಳಗೆ ಪ್ಲೈವುಡ್ಡಿನ ಸೀಲಿಂಗು. ಕಿಟಕಿ ಮುಚ್ಚಿ ಕಪಾಟು. ಕರಿದ ವಾಸನೆ ಹೋಗಲು ಆ ಪಡುಗೋಡೆಯ ಮೇಲುಭಾಗದಲ್ಲಿ, ಕಪಾಟುಗಳ ನಡುವೆ, ಗೇಣಗಲದ ಒಂದು ದುಂಡು ತೂತು, ಅದರಲ್ಲಿ ಎಕ್ಸಾಸ್ಟ್ ಫ್ಯಾನು.

ಕೆಲಸ ಅಷ್ಟು ಸಲೀಸಾಗಿ ನಡೆಯಲಿಲ್ಲ. ಉಗ್ರಾಣದ ಗೋಡೆ ಬರೀ ಅಡ್ಡಗೋಡೆ ಎಂದುಕೊಂಡಿದ್ದೆ. ಮಾಡನ್ನು ಹೊತ್ತ ಎರಡು ಪಕ್ಕಾಸು ಅದರ ತಲೆಯ ಮೇಲೆಯೇ ಕುಳಿತಿದ್ದವು. ಅರ್ಧ ಒಡೆದಾಗ ಮಾಡು ಎರಡು ಬೆರಳು ಕುಸಿದು, ಹಂಚು ಜಾರಿ ಅಂಗಳಕ್ಕೆ ಬಿದ್ದವು. ಕೆಲಸ ನಿಲ್ಲಿಸಿ, ಮರದ ಕಂಬ ಆನಿಸಿ, ಮಾಡನ್ನು ಎತ್ತಿ ನಿಲ್ಲಿಸಿ, ಕಾಂಕ್ರೀಟಿನ ಲಿಂಟಲ್ ಹಾಕಬೇಕಾಯಿತು. ಸಿಮೆಂಟಿಗೆ ಪರ್ಮಿಟ್ಟು, ಅದು ಬರಲು ಇಪ್ಪತ್ತು ದಿನ. ಬಂದ ಮೇಲೆ ಲಿಂಟಲ್ ಒಣಗದಂತೆ ಗೋಣಿ ಹೊದಿಸಿ ನೀರು ಹೊಯ್ಯುತ್ತ ಮತ್ತೆ ಮೂರು ವಾರ. ಇದರ ನಡುವೆ ಮನೆಯವರಿಗೆ ಹಿತ್ತಿಲ ಚಪ್ಪರದಲ್ಲಿ ಮೂರು ಕಲ್ಲಿಟ್ಟು ಅಡುಗೆ. ಚಪ್ಪರಕ್ಕೆ ಪಡುವಣದ ಬೆಳಕು ಚೆನ್ನಾಗಿ ಬೀಳುತ್ತಿತ್ತು. ಓಣಿಯ ಹೆಂಗಸರು ಗೆರಸೆ ಹಿಡಿದು ಅಲ್ಲಿಗೂ ಬಂದರು. ನಾನು ಅದನ್ನು ದಿನಾ ನೋಡಿದೆ, ಆದರೂ ನನಗೆ ಏನೂ ಹೊಳೆಯಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ.

ಹೊಳೆದದ್ದು ಮೇಸ್ತ್ರಿಗೆ. ಅವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಆ ಓಣಿಯಲ್ಲೇ ಎಷ್ಟೋ ಮನೆಗೆ ಕಲ್ಲು ಇಟ್ಟವರು. ಕಿಟಕಿಯ ಸರಳು ಕಳಚುವ ದಿನ ಕೈ ನಿಲ್ಲಿಸಿ ಹೇಳಿದರು:

"ಇಂಜಿನಿಯರ್ರೇ, ಈ ಕಿಟಕಿ ಇರಲಿ. ಕಪಾಟು ಬೇರೆ ಕಡೆ ಮಾಡುವ. ಇದು ಅಮ್ಮನ ಜಾಗ."

"ಅಮ್ಮನ ಹತ್ತಿರ ಕೇಳಿ ಆಗಿದೆ."

"ಕೇಳಿದ್ರಾ, ಹೇಳಿದ್ರಾ?"

ಮಾಡು ಕುಸಿದ ಅವಮಾನ ಇನ್ನೂ ಮೈಯಲ್ಲಿತ್ತು. "ನಕ್ಷೆ ಬರೆದದ್ದು ನಾನೋ ನೀನೋ? ಹೇಳಿದಷ್ಟು ಮಾಡು" ಎಂದುಬಿಟ್ಟೆ. ಅಷ್ಟು ದಿನ ನೀವು ಎಂದು ಕರೆದವರನ್ನು ಏಕವಚನಕ್ಕೆ ಇಳಿಸಿದ್ದೆ. ಮೇಸ್ತ್ರಿ ಸರಳುಗಳನ್ನು ಒಂದೊಂದಾಗಿ ಕಳಚಿ ಗೋಡೆಗೆ ಒರಗಿಸಿದರು. "ಅದನ್ನು ಒಲೆಗೆ ಹಾಕಿಸಿ" ಎಂದು ಹೇಳಿ ನಾನು ಬಸ್ಸಿಗೆ ಹೊರಟೆ.

ಮಳೆ ಹಿಡಿಯುವ ಮೊದಲು ಕೆಲಸ ಮುಗಿಯಿತು. ಹೊಳೆಯುವ ಕರಿ ಕಲ್ಲಿನ ಕಟ್ಟೆ, ತಿಳಿಹಸಿರು ಹಾಳೆ ಅಂಟಿಸಿದ ಕಪಾಟುಗಳು, ಐದು ಸ್ಟೂಲು, ಎರಡು ಟ್ಯೂಬ್ ಲೈಟು. ಅಕ್ಕ ಒಂದು ಸಂಜೆ ಇಪ್ಪತ್ತು ಜನರನ್ನು ಕರೆದರು. ಬ್ಯಾಂಕಿನವರು, ಉಜಿರೆಯ ಕಾಲೇಜಿನ ಇಬ್ಬರು ಮೇಡಮ್ಮುಗಳು, ನೆಂಟರು, ಓಣಿಯವರು. ಅಕ್ಕ ಕಟ್ಟೆಯ ಈಚೆ ಬಾಳೆಕಾಯಿ ಪೋಡಿ ಕರಿಯುತ್ತ, ಆಚೆ ಕೂತವರೊಡನೆ ಮಾತಾಡುತ್ತ, ನಿಜವಾಗಿಯೂ ಆ ಪತ್ರಿಕೆಯ ಹೆಂಗಸಿನ ಹಾಗೆಯೇ ನಗುತ್ತಿದ್ದರು. ಅವರ ಆ ಸಂತೋಷ ಸುಳ್ಳಲ್ಲ. ಇದನ್ನು ಹೇಳದಿದ್ದರೆ ಅವರಿಗೆ ಅನ್ಯಾಯ ಮಾಡಿದ ಹಾಗಾಗುತ್ತದೆ. ಎಲ್ಲರೂ ಗೋಡೆ ಸವರಿ ನೋಡಿ, "ಯಾರು ಮಾಡಿದ್ದು?" ಎಂದು ಕೇಳುತ್ತಿದ್ದರು. ನಾನು ಯಾರೂ ತಪ್ಪಿಸಿಕೊಳ್ಳದ ಹಾಗೆ ಬಾಗಿಲ ಬಳಿಯೇ ನಿಂತಿದ್ದೆ.

ಅಮ್ಮನನ್ನು ಒಂದು ಸ್ಟೂಲಿನ ಮೇಲೆ ಕೂರಿಸಿದ್ದರು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಐದೂವರೆಗೆ ಅಕ್ಕ ತಟ್ಟೆ ತಂದು ಮುಂದಿಟ್ಟರು. ಅಮ್ಮ ಒಮ್ಮೆ ಟ್ಯೂಬ್ ಲೈಟು ನೋಡಿದರು, ಒಮ್ಮೆ ತಟ್ಟೆ ನೋಡಿದರು. ಅದನ್ನು ಮೆಲ್ಲಗೆ ಪಕ್ಕದವರ ಮುಂದೆ ಸರಿಸಿ, "ನನಗೆ ಇವತ್ತಿನಿಂದ ಒಪ್ಪೊತ್ತು. ವ್ರತ ಹಿಡಿದಿದ್ದೇನೆ" ಎಂದರು.

ದಿನಕ್ಕೆ ಒಂದೇ ಊಟ. ಆ ಪ್ರಾಯದಲ್ಲಿ! ನೆಂಟರಲ್ಲಿ ಕೆಲವರು ಬಂದು ಅವರ ಕಾಲು ಮುಟ್ಟಿದರು. ಅಕ್ಕ ಮೊದಲೇ ಹೇಳಬಾರದಿತ್ತೇ ಎಂದು ಸಣ್ಣದಾಗಿ ಬೈದರು. ನಾನು ಪೋಡಿ ತಿನ್ನುತ್ತ, "ಇಂಥವರ ಮನೆಯ ಕೆಲಸ ಸಿಕ್ಕಿದ್ದು ನನ್ನ ಪುಣ್ಯ" ಎಂದೆ.

ಮಳೆಗಾಲ ಹೋಯಿತು. ಚೌತಿ ಕಳೆದು ಬಿಸಿಲು ಮರಳಿದ ಮೇಲೆ ಅಕ್ಕನಿಂದ ಕಾಗದ ಬಂತು: ಮಳೆಗೆ ಮರ ಉಬ್ಬಿ ಕಪಾಟಿನ ಎರಡು ಬಾಗಿಲು ಹಾಕಲು ಬರುತ್ತಿಲ್ಲ. ಹೋದೆ. ಅಕ್ಕ ಮನೆಯಲ್ಲಿರಲಿಲ್ಲ. ಬಾಗಿಲು ಕಳಚಿ ಹತ್ತರಿ ಹಾಕುತ್ತಿದ್ದೆ, ನಾಲ್ಕೂಮುಕ್ಕಾಲಕ್ಕೆ ಕರೆಂಟು ಹೋಯಿತು. ಟ್ಯೂಬ್ ಲೈಟು ಆರಿತು, ಫ್ಯಾನು ತಿರುಗುವುದು ನಿಂತಿತು. ಹೊರಗೆ ಒಳ್ಳೆಯ ಬಿಸಿಲಿದ್ದ ಹೊತ್ತಿನಲ್ಲಿ ನನ್ನ ಅಡುಗೆಮನೆಯಲ್ಲಿ ನನಗೇ ತಿರುಗುಳಿ ಸಿಗಲಿಲ್ಲ. ಕಲ್ಲಿನ ಮೇಲೆ ಕೈಯಾಡಿಸಿ ತಡವುತ್ತ ನಿಂತೆ.

ಆಗ ಅಮ್ಮ ಒಳಗೆ ಬಂದರು. ನಾನು ಮೂಲೆಯಲ್ಲಿ ಇರುವುದು ಅವರಿಗೆ ಕಾಣಲಿಲ್ಲ. ಕೈಯಲ್ಲಿ ಗೆರಸೆ. ಕಾಲಿನಿಂದ ಒಂದು ಮಣೆಯನ್ನು ಕಟ್ಟೆಯ ಬುಡಕ್ಕೆ ತಳ್ಳಿ ಅದರ ಮೇಲೆ ಹತ್ತಿ ನಿಂತರು. ನಲವತ್ತು ಇಂಚಿನ ನನ್ನ ಕಟ್ಟೆ ಅವರಿಗೆ ಎದೆಯವರೆಗೆ ಬರುತ್ತಿತ್ತು. ನಿಂತುಹೋದ ಫ್ಯಾನಿನ ಎಲೆಗಳ ನಡುವಿನಿಂದ ಪಡುವಣದ ಬಿಸಿಲು ಕಟ್ಟೆಯ ಮೇಲೆ ಹಪ್ಪಳದಷ್ಟಗಲ ಬಿದ್ದಿತ್ತು. ಗೆರಸೆಯನ್ನು ಆ ಬೆಳಕಿನ ಕೆಳಗೆ ಇಟ್ಟು ಅಕ್ಕಿ ಆರಿಸತೊಡಗಿದರು. ಹುಳ ಸಿಕ್ಕಿದರೆ ಬೆರಳ ತುದಿಯಲ್ಲಿ ಎತ್ತಿ ಒಂದು ಎಲೆಯ ಮೇಲೆ ಬಿಡುವರು. ಬೆಳಕು ಸ್ವಲ್ಪ ಸರಿದರೆ ಗೆರಸೆಯನ್ನೂ ಸ್ವಲ್ಪ ಸರಿಸುವರು. ಫ್ಯಾನು ತಿರುಗುವಾಗ ಆ ಬೆಳಕು ಕದಲದೆ ಬೀಳುವುದಿಲ್ಲ; ಕರೆಂಟು ಹೋಗುವುದನ್ನೇ ಕಾದಿದ್ದು ಬಂದವರ ಹಾಗಿತ್ತು.

ನನ್ನ ಕೈ ತಾಗಿ ತಿರುಗುಳಿ ಕೆಳಗೆ ಬಿತ್ತು. ಅವರು ಬೆಚ್ಚಲಿಲ್ಲ.

"ಕಾಣುವುದಿಲ್ಲ ಅಲ್ಲವಾ ಮಗಾ?" ಎಂದರು.

ನನಗೆ ಒಮ್ಮೆಲೇ ಎಲ್ಲ ಒಟ್ಟಿಗೆ ಕಂಡಿತು. ತಟ್ಟೆ ಸರಿಸಿದ್ದು, ಟ್ಯೂಬ್ ಲೈಟು ನೋಡಿದ್ದು, 'ಹಾಗೋ' ಎಂದದ್ದು. "ಅಮ್ಮ, ನಿಮ್ಮ ಒಪ್ಪೊತ್ತು..." ಎಂದೆ.

"ನಮಗೆ ಗಂಟೆ ಅಲ್ಲ ಮಗಾ, ಬೆಳಕು. ದೀಪ ಹಾಕಿದ ಕಡೆ ಹುಳ ಬರ್ತದೆ, ಪಾತ್ರೆಗೆ ಬೀಳ್ತದೆ. ನನ್ನ ಒಂದು ಹೊಟ್ಟೆಗೆ ಅದು ಯಾಕೆ ಸಾಯಬೇಕು? ಕತ್ತಲೆಯಲ್ಲಿ ಮಾಡಿದ್ದನ್ನು ಹಗಲು ಉಂಡರೂ ರಾತ್ರಿ ಉಂಡ ಹಾಗೆಯೇ. ಮಧ್ಯಾಹ್ನ ಮೂಡು ಬಾಗಿಲ ಬೆಳಕಿನಲ್ಲಿ ಹೇಗೋ ಒಂದು ಅಡುಗೆ ಆಗ್ತದೆ. ಅದನ್ನೇ ಸಂಜೆಗೆ ಇಟ್ಟು ಉಂಡು ನನಗೆ ಅಭ್ಯಾಸ ಇಲ್ಲ."

"ನೀವು ಹೇಳಬಹುದಿತ್ತಲ್ಲ ಅಮ್ಮ. ಹಿತ್ತಿಲಲ್ಲಿ ಒಂದು ಒಲೆಯಾದರೂ..."

"ಅಷ್ಟು ಜನರ ಎದುರು ಹೊಸ ಅಡುಗೆಮನೆ ಆಗುವುದಿಲ್ಲ ಅಂತ ಹೇಳುವುದಾ? ಹಿತ್ತಿಲಲ್ಲಿ ಒಲೆ ಹಾಕಿದರೂ ಹೇಳಿದ ಹಾಗೆಯೇ ಅಲ್ಲವಾ? ಅವಳು ಆಸೆಪಟ್ಟು ಮಾಡಿಸಿದ್ದು. ನೀನೂ ಈಗಷ್ಟೇ ಕೆಲಸ ಹಿಡಿದವ. ಒಂದು ಹೊತ್ತಿನ ಊಟ ಎಂತ ದೊಡ್ಡದು?" ಮತ್ತೆ ಗೆರಸೆ ಸರಿಸುತ್ತ, "ಅವಳಿಗೆ ಹೇಳಬೇಡ, ಆಯ್ತಾ?" ಎಂದರು.

ಓಣಿಯ ಹೆಂಗಸರ ಬಗ್ಗೆ ಕೇಳಿದೆ. ಈಗ ಯಾರೂ ಬರುವುದಿಲ್ಲವಂತೆ. ಬಂದರೂ ಕೂರುವುದೆಲ್ಲಿ? ನಡು ಹಗಲಿಗೆ ಅವರವರ ಮನೆಯಲ್ಲಿ ಅವರವರ ಕೆಲಸ. ಹತ್ತಾರು ವರ್ಷಗಳಿಂದ ದಿನಾ ಸಂಜೆ ನಾಲ್ಕರಿಂದ ಆರರವರೆಗೆ ಅಲ್ಲಿ ಹರಟೆ, ನಗು, ಬಂದವರಿಗೆಲ್ಲ ಊಟ ನಡೆಯುತ್ತಿತ್ತು. ನೆಂಟರು ಕೂತು ಮಾತಾಡುವ ಅಡುಗೆಮನೆ ಬೇಕು ಎಂದಿದ್ದರು ಅಕ್ಕ. ಅದು ಇದ್ದ ಜಾಗದ ಮೇಲೆಯೇ ನಾನು ಕಪಾಟು ನಿಲ್ಲಿಸಿದ್ದೆ.

ಮರುದಿನವೇ ಹೋಗಿ ಅಕ್ಕನ ಮುಂದೆ ತಪ್ಪೊಪ್ಪಿಕೊಂಡೆ ಎಂದು ಬರೆಯಲು ಸಾಧ್ಯವಿದ್ದಿದ್ದರೆ ಈ ಬರಹವೇ ಬೇಕಾಗಿರಲಿಲ್ಲ. ನಾನು ಸುಮ್ಮನಿದ್ದೆ. ಅಮ್ಮನೇ ಹೇಳಬೇಡ ಎಂದಿದ್ದಾರಲ್ಲ, ಅವರ ಮಾತು ಮೀರಬಹುದೇ ಎಂದು ಒಳ್ಳೆಯ ನೆಪ ಸಿಕ್ಕಿತ್ತು. ನಿಜ ಬೇರೆ ಇತ್ತು. ಆ ಅಡುಗೆಮನೆಯ ಸುದ್ದಿ ಹಬ್ಬಿ, ನೋಡಬೇಕು ಎನ್ನುವವರು ಬರತೊಡಗಿದ್ದರು. ಬೆಳ್ತಂಗಡಿಯ ಒಬ್ಬ ಹೆಡ್ ಮಾಸ್ತರರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಮಿಜಾರಿನಿಂದ ಬಂದ ಒಂದು ಮನೆಯವರಿಗೆ ತೋರಿಸಿದೆ. ಎರಡೂ ಕಡೆ ಕೆಲಸ ಸಿಕ್ಕಿತು. ಪ್ರತಿ ಸಲ ಒಳಗೆ ಹೋಗುವ ಮೊದಲು ಕರೆಂಟು ಉಂಟೇ ಎಂದು ನೋಡಿಕೊಳ್ಳುತ್ತಿದ್ದೆ. ಪ್ರತಿ ಸಲ ಅಮ್ಮ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಪಡುವಣಕ್ಕೆ ಮುಖ ಮಾಡಿ ಒಬ್ಬರೇ ಕುಳಿತಿರುತ್ತಿದ್ದರು. ಬಂದವರಿಗೆ ನಾನು, "ಅಮ್ಮ ದೊಡ್ಡ ವ್ರತಸ್ಥರು. ಒಂದೇ ಹೊತ್ತು" ಎಂದು ಪರಿಚಯ ಹೇಳುತ್ತಿದ್ದೆ. ಅವರ ಹಸಿವನ್ನೂ ನನ್ನ ಕೆಲಸದ ಜೊತೆ ಸೇರಿಸಿ ತೋರಿಸುತ್ತಿದ್ದೆ ಎಂದು ಈಗ ಅನ್ನಿಸುತ್ತದೆ. ದೀಪಾವಳಿಯ ಹೊತ್ತಿಗೆ ಅವರು ಕಣ್ಣಿಗೆ ಕಾಣುವಷ್ಟು ಇಳಿದಿದ್ದರು. ಅಕ್ಕ, "ಚಾತುರ್ಮಾಸ ಮುಗಿಯಿತಲ್ಲ ಅಮ್ಮ, ಇನ್ನಾದರೂ ವ್ರತ ಬಿಡಿ" ಎಂದು ನನ್ನ ಎದುರೇ ಗೋಗರೆದರು. ನಾನು ಕಪಾಟಿನ ತಿರುಗಣೆಗೆ ಎಣ್ಣೆ ಬಿಡುತ್ತಿದ್ದೆ. ಕುಂಬಳಕಾಯಿ ಕಳ್ಳನ ಹಾಗೆ ನನ್ನ ಹೆಗಲು ನಾನೇ ಮುಟ್ಟಿ ನೋಡಿಕೊಂಡೆ, ಬಾಯಿ ಮಾತ್ರ ಬಿಡಲಿಲ್ಲ.

ಮೂರನೆಯದಾಗಿ ಬಂದವರು ವಿಟ್ಲದವರು, ಅಡಿಕೆ ವ್ಯಾಪಾರದವರು. ಗಂಡ, ಹೆಂಡತಿ, ಗಂಡನ ತಾಯಿ. ಅವರೂ ಜೈನರೇ. ಡಿಸೆಂಬರಿನ ಒಂದು ಸಂಜೆ, ಅಕ್ಕನೂ ಮನೆಯಲ್ಲಿದ್ದರು. ಗಂಡ ಹೆಂಡತಿ ಕಟ್ಟೆಯ ಸುತ್ತ ತಿರುಗಿ, "ಇದೇ, ಹೀಗೆಯೇ, ಒಂದು ಇಂಚು ಆಚೀಚೆ ಬೇಡ" ಎಂದರು. ತಾಯಿ ಮಾತ್ರ ಪಡುಗೋಡೆಯ ಕಪಾಟಿನ ಮುಂದೆ ನಿಂತಿದ್ದರು. ಅಮ್ಮ ಹಿತ್ತಿಲಿನಿಂದ ಬಂದು ಬಾಗಿಲಲ್ಲಿ ನಿಂತರು.

"ಇದು ಪಡು ಬದಿ ಅಲ್ಲವಾ?" ಎಂದು ಆ ತಾಯಿ ಕೇಳಿದರು. "ಬೆಳಕು ಎಲ್ಲಿಂದ ಬರ್ತದೆ?"

"ಟ್ಯೂಬ್..." ಎಂದು ಬಾಯಿ ತೆರೆದೆ. ಮುಂದಿನ ಮಾತು ಬಾಯಿಪಾಠವಾಗಿತ್ತು. ಅಮ್ಮನ ಮುಖ ಕಂಡಿತು. ಅವರು ನನ್ನನ್ನು ದೂರುತ್ತಿರಲಿಲ್ಲ. ನಾನು ಸಿಕ್ಕಿಬೀಳುತ್ತೇನಲ್ಲ ಎಂದು ನನಗಾಗಿ ಹೆದರಿದ್ದರು. ಅದನ್ನು ನನ್ನಿಂದ ತಡೆಯಲಾಗಲಿಲ್ಲ.

"ಎಲ್ಲಿಂದಲೂ ಬರುವುದಿಲ್ಲ ಅಮ್ಮ" ಎಂದೆ. "ಇಲ್ಲಿ ಆರಡಿ ಕಿಟಕಿ ಇತ್ತು. ನಾನು ಮುಚ್ಚಿದೆ. ಈ ಅಡುಗೆಮನೆ ಶುರುವಾದ ದಿನದಿಂದ ಈ ಮನೆಯ ಅಮ್ಮ ಸಂಜೆ ಉಂಡಿಲ್ಲ. ವ್ರತ ಅಂತ ಹೇಳಿದ್ದು ನನ್ನ ಮರ್ಯಾದೆ ಉಳಿಸಲಿಕ್ಕೆ. ನಿಮ್ಮ ಮನೆಗೆ ಹೀಗೆ ಮಾಡುವುದು ಬೇಡ."

ವಿಟ್ಲದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಚಾ ಕೂಡ ಕುಡಿಯದೆ ಹೊರಟರು. ಅವರು ಹೋದ ಮೇಲೆ ಅಕ್ಕ ಒಂದು ಸ್ಟೂಲನ್ನು ಹಿಡಿದು ನಿಂತೇ ಇದ್ದರು.

"ನಿಮಗೆ ಯಾವಾಗ ಗೊತ್ತಾದದ್ದು?"

"ಚೌತಿ ಕಳೆದು."

"ಈಗ ಡಿಸೆಂಬರ್. ನನ್ನ ಅಮ್ಮ ಹಸಿದು ಕೂತದ್ದು ನಿಮಗೆ ಗೊತ್ತಿತ್ತು, ನನಗೆ ಗೊತ್ತಿರ್ಲಿಲ್ಲ. ಇಲ್ಲಿಯೇ ನಿಂತು ಚಾ ಕುಡಿದಿದ್ದೀರಿ ನೀವು. ಎಷ್ಟು ಸಲ?" ಅವರು ಅಮ್ಮನ ಕಡೆ ತಿರುಗಿ, "ಮಗಳ ಹತ್ತಿರ ಹೇಳ್ಲಿಕ್ಕೆ ಆಗದಷ್ಟು ದೂರ ಆದೆನಾ ನಾನು?" ಎಂದು ಅತ್ತುಬಿಟ್ಟರು. ಅಮ್ಮ ಅವರ ಬೆನ್ನು ಸವರುತ್ತ, ಅದು ಹಾಗಲ್ಲ, ಅದು ಹಾಗಲ್ಲ ಎಂದಷ್ಟೇ ಹೇಳುತ್ತಿದ್ದರು. ನಾನು ಎಲ್ಲಿ ನೋಡುವುದೆಂದು ತಿಳಿಯದೆ ಆ ಗೋಡೆಗಡಿಯಾರವನ್ನು ನೋಡಿದೆ.

ಅದೇ ಸಂಜೆ ಮೇಸ್ತ್ರಿಯ ಮನೆಗೆ ಹೋದೆ. ಅಂಗಳದಲ್ಲೇ ನಿಂತು, "ಅವತ್ತು ನಿಮ್ಮನ್ನು ನೀನು ಅಂದದ್ದು ತಪ್ಪಾಯ್ತು. ಆ ಕಿಟಕಿ ಮತ್ತೆ ತೆರೆಯಬೇಕು" ಎಂದೆ. ಅವರು ಎಲೆಯಡಿಕೆ ಉಗಿದು ಬಂದು, ಕೊಟ್ಟಿಗೆಯ ಅಟ್ಟದ ಕಡೆ ಕೈ ತೋರಿಸಿದರು. ಸರಳುಗಳು ಅಲ್ಲಿದ್ದವು.

"ಹಲಸಿನ ಮರ ಮಾರಾಯ್ರೇ. ಒಲೆಗೆ ಹಾಕ್ಲಿಕ್ಕೆ ಮನಸ್ಸು ಬರ್ಲಿಲ್ಲ. ನಾಳೆಯೇ ಹೋಗುವ."

ಕಪಾಟು ಕಳಚಲು ಒಂದು ದಿನ, ತುಂಬಿದ ಕಲ್ಲು ಒಡೆಯಲು ಎರಡು ದಿನ. ಈ ಸಲ ಗೋಡೆಗೆ ಕೈ ಹಾಕುವ ಮೊದಲು ಮೇಲೆ ಏನು ಕುಳಿತಿದೆ ಎಂದು ನೋಡಿದೆ. ಹಳೆಯ ಚೌಕಟ್ಟು ಕೂರಿಸಿ ಸರಳು ಸೇರಿಸಿದೆವು. ಸೀಲಿಂಗಿನ ಪ್ಲೈವುಡ್ಡಿನಲ್ಲಿ ಎರಡು ಕಡೆ ಚೌಕ ಕತ್ತರಿಸಿ ಗಾಜಿನ ಹಂಚುಗಳನ್ನು ಬಿಡಿಸಿದೆವು. ಅಕ್ಕ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದರು, ಅದು ನ್ಯಾಯವೇ. ಕಟ್ಟೆಯನ್ನು ಪೂರ್ತಿ ಕೀಳಬೇಕೇ ಎಂದು ಕೇಳಿದೆ. ಈ ಸಲ ಇಬ್ಬರನ್ನೂ ಎದುರು ಕೂರಿಸಿ, ನಕ್ಷೆಯ ಹಾಳೆ ನೆಲದ ಮೇಲೆ ಹರಡಿ ಕೇಳಿದೆ. ಕೀಳುವುದು ಬೇಡ ಎಂದರು ಅಮ್ಮ; ಒಲೆಯ ಮುಖ ಮಾತ್ರ ಕಿಟಕಿಯ ಕಡೆಗೆ ತಿರುಗಿಸು, ಕಿಟಕಿಯ ಬುಡದಲ್ಲಿ ಜನ ಕೂರಲಿ, ಅವಳು ಅಲ್ಲಿಂದಲೇ ಮಾತಾಡಲಿ. ಒಂಬತ್ತು ತಿಂಗಳಲ್ಲಿ ನನಗೆ ಹೊಳೆಯದ ನಕ್ಷೆ ಅವರು ಬೆರಳಿನಲ್ಲಿ ಗೀಚಿ ತೋರಿಸಿದರು. ಕಪಾಟುಗಳನ್ನು ಉಗ್ರಾಣದ ಮೂಲೆಗೆ ಸಾಗಿಸಿದೆ. ಗಡಿಯಾರವನ್ನು ಚಾವಡಿಗೆ ಹಾಕಿದೆ.

ಕೆಲಸ ಮುಗಿದ ಸಂಜೆ ಯಾರನ್ನೂ ಕರೆದಿರಲಿಲ್ಲ. ಆದರೂ ನಾಲ್ಕು ಗಂಟೆಗೆ ಓಣಿಯ ಮೂವರು ಗೆರಸೆ ಹಿಡಿದು ಬಂದರು. ಶ್ಯಾವಿಗೆ ಮಣೆ ಹೊರಗೆ ಬಂತು. ಅಕ್ಕ ಗ್ಯಾಸ್ ಒಲೆಯ ಮುಂದೆ ನಿಂತು, ಕಿಟಕಿಯ ಬುಡದಲ್ಲಿದ್ದವರ ಮಾತಿಗೆ ಮಾತು ಸೇರಿಸುತ್ತ ಕಾಯಿಹಾಲು ಕದಡುತ್ತಿದ್ದರು. ನೆಲದ ಮೇಲೆ ಸರಳುಗಳ ನೆರಳು ಬಿದ್ದಿತ್ತು. ನನ್ನನ್ನೂ ಮೇಸ್ತ್ರಿಯನ್ನೂ ಸಾಲಿನಲ್ಲಿ ಕೂರಿಸಿದರು. ಅಮ್ಮ ಬಡಿಸಲು ಬಂದರು.

"ಮೊದಲು ನೀವು ಕೂತುಕೊಳ್ಳಿ ಅಮ್ಮ" ಎಂದೆ. ಆ ಒಂದು ಮಾತಿಗಾಗಿ ವಾರದಿಂದ ಕಾದಿದ್ದೆ. ಅವರು ನನ್ನ ಎದುರು ಕೂತು ಉಂಡರೆ ನನ್ನ ತಪ್ಪಿನ ಮುಕ್ಕಾಲು ಪಾಲು ತೊಳೆದುಹೋಗುತ್ತದೆ ಎಂದುಕೊಂಡಿದ್ದೆ.

"ನನಗೆ ಒಪ್ಪೊತ್ತು ಅಲ್ಲವಾ ಮಗಾ?"

"ಅದು ಈ ಗೋಡೆಗೋಸ್ಕರ ಹೇಳಿದ್ದಲ್ಲವಾ? ಈಗ ಬೆಳಕು ಬಂತಲ್ಲ ಅಮ್ಮ."

ಅಕ್ಕ ಕದಡುವುದನ್ನು ನಿಲ್ಲಿಸಿ ನಮ್ಮ ಕಡೆ ನೋಡಿದರು. ಅವರಿಗೆ ಆಗಲೇ ಗೊತ್ತಿತ್ತೆಂದು ಆ ಮುಖ ನೋಡಿ ತಿಳಿಯಿತು.

"ಅಷ್ಟು ಜನರ ಎದುರು ವ್ರತ ಅಂತ ಹೇಳಿದೆ. ಇಲ್ಲದ್ದನ್ನು ಉಂಟು ಅಂದ ಹಾಗಾಯ್ತು. ನನ್ನ ಬಾಯಲ್ಲಿ ಸುಳ್ಳು ಬರಬಾರದಲ್ಲ? ಅದಕ್ಕೆ ಮರುದಿನ ಬೆಳಿಗ್ಗೆಯೇ ಬಸದಿಗೆ ಹೋಗಿ ಸ್ವಾಮಿಯ ಎದುರು ಹಿಡಿದುಬಿಟ್ಟೆ."

"ಎಷ್ಟು ಸಮಯಕ್ಕೆ ಅಮ್ಮ?"

"ಇರುವಷ್ಟು ದಿನಕ್ಕೆ." ನನ್ನ ಮುಖ ನೋಡಿ ಅವರಿಗೆ ಪಾಪ ಅನ್ನಿಸಿರಬೇಕು. ನಕ್ಕರು. "ನೀನು ಗೋಡೆ ಒಡೆಯುತ್ತೀ ಅಂತ ನನಗೆ ಆಗ ಗೊತ್ತಿತ್ತಾ?"

ಆಮೇಲೆ ಅವರು ಇನ್ನೂ ಆರು ವರ್ಷ ಇದ್ದರು. ಆ ಕಿಟಕಿಯ ಬುಡದಲ್ಲಿ ಆರು ವರ್ಷ ಓಣಿಯವರೆಲ್ಲ ಹೊತ್ತು ಮುಳುಗುವ ಮೊದಲು ಉಂಡರು, ಅಮ್ಮ ಬಡಿಸಿದರು. ಒಂದು ಸಂಜೆಯೂ ಅವರು ಉಣ್ಣಲಿಲ್ಲ.

ಅವತ್ತು ನನ್ನ ಕೈ ತಟ್ಟೆಯ ಮೇಲೆ ಹಾಗೆಯೇ ನಿಂತಿತ್ತು. ಪಕ್ಕದಲ್ಲಿ ಮೇಸ್ತ್ರಿ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಅಮ್ಮ ಕಿಟಕಿಯ ಹೊರಗೆ ಒಮ್ಮೆ ನೋಡಿ, "ಉಣ್ಣು ಮಗಾ, ಬೆಳಕು ಹೋಗ್ತದೆ" ಎಂದು ನನ್ನ ಶ್ಯಾವಿಗೆಯ ಮೇಲೆ ಇನ್ನೊಂದು ಸೌಟು ಕಾಯಿಹಾಲು ಹೊಯ್ದರು. ಬೇಡ ಎನ್ನುವ ಮುಖ ನನಗಿರಲಿಲ್ಲ. ಉಂಡೆ.